ನೇರವಾಗಿ ಪರಿಸರ ಎಂಜಿನಿಯರಿಂಗ್ ಓದುವುದೋ, ಸಿವಿಲ್ ಮುಗಿಸಿ ಎಂ.ಟೆಕ್. ಮಾಡುವುದೋ: ಒಂದೇ ಮನೆಯ ಎರಡು ದಾರಿ

ನಮ್ಮ ಮನೆಯಲ್ಲಿ ಇಬ್ಬರು ಪರಿಸರ ಎಂಜಿನಿಯರ್‌ಗಳಿದ್ದೇವೆ. ನಾನು ಮೈಸೂರಿನಲ್ಲಿ ಬಿ.ಇ. ಪದವಿಯನ್ನೇ ಪರಿಸರ ಎಂಜಿನಿಯರಿಂಗ್‌ನಲ್ಲಿ ಓದಿ 2017ರಲ್ಲಿ ಮುಗಿಸಿದೆ. ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ದಾವಣಗೆರೆಯಲ್ಲೇ ಸಿವಿಲ್ ಓದಿ, ಆಮೇಲೆ ಎರಡು ವರ್ಷದ ಎಂ.ಟೆಕ್.ನಲ್ಲಿ ಈ ವಿಷಯ ತೆಗೆದುಕೊಂಡ. ಎರಡಕ್ಕೂ ಹಣ ಬಂದದ್ದು ಅಪ್ಪನ ಮಂಡಕ್ಕಿ ಭಟ್ಟಿಯಿಂದಲೇ. ಎರಡನ್ನೂ ಹತ್ತಿರದಿಂದ ಕಂಡ ಮೇಲೆ ಹೇಳುವುದಾದರೆ, ಸರ್ಕಾರಿ ನೌಕರಿಯ ಆಸೆ ಇರುವ ನಮ್ಮಂಥ ಮನೆಗಳಿಗೆ ತಮ್ಮನ ದಾರಿಯೇ ಸರಿ.

ನನಗೆ ಅಡ್ಡಿಯಾದದ್ದು ಓದಲ್ಲ, ಪದವಿಯ ಮೇಲಿನ ಹೆಸರು. ಕುಡಿಯುವ ನೀರು ಮತ್ತು ಒಳಚರಂಡಿಗೆ ಸಂಬಂಧಿಸಿದ ಸರ್ಕಾರಿ ಹುದ್ದೆಯೊಂದಕ್ಕೆ ಅರ್ಜಿ ಕರೆದಿದ್ದರು. ವಿದ್ಯಾರ್ಹತೆಯ ಜಾಗದಲ್ಲಿ ‘ಸಿವಿಲ್ ಎಂಜಿನಿಯರಿಂಗ್ ಪದವಿ ಅಥವಾ ತತ್ಸಮಾನ’ ಎಂದಿತ್ತು. ಆನ್‌ಲೈನ್ ಅರ್ಜಿಯಲ್ಲಿ ವಿಭಾಗ ಆರಿಸುವ ಪಟ್ಟಿಯನ್ನು ಎಷ್ಟು ಕೆಳಗೆ ಎಳೆದರೂ ‘ಪರಿಸರ’ ಎಂಬ ಪದವೇ ಸಿಗಲಿಲ್ಲವಾದ್ದರಿಂದ ‘ಇತರೆ’ ಎಂದು ಗುರುತಿಸಿ ಶುಲ್ಕ ಕಟ್ಟಿದೆ. ಪರೀಕ್ಷೆಯಲ್ಲಿ ಕ್ಲೋರಿನ್ ಪ್ರಮಾಣ, ತಿಳಿಗೊಳಿಸುವ ತೊಟ್ಟಿಯ ಅಳತೆ, ಕೊಳಚೆ ನೀರಿನ ಸಂಸ್ಕರಣೆ ಎಲ್ಲವೂ ಬಂದಿದ್ದವು. ನಾಲ್ಕು ವರ್ಷ ಅದನ್ನೇ ಓದಿದ್ದ ನಾನು ಸಲೀಸಾಗಿ ಬರೆದೆ, ದಾಖಲೆ ಪರಿಶೀಲನೆಗೂ ಕರೆ ಬಂತು.

ಪರಿಶೀಲನೆಯ ದಿನ ಮೇಜಿನ ಆಚೆ ಕುಳಿತಿದ್ದವರು ನನ್ನ ಎಂಟು ಸೆಮಿಸ್ಟರ್‌ಗಳ ಅಂಕಪಟ್ಟಿಗಳನ್ನು ಒಂದೊಂದಾಗಿ ತಿರುವಿದರು. ಪೆನ್ಸಿಲ್ಲಿನ ಮೊನೆಯನ್ನು ಪದವಿಯ ಹೆಸರಿನ ಕೆಳಗೆ ಹಿಡಿದು, “ನೋಡಮ್ಮಾ, ನಮಗೆ ಕೊಟ್ಟಿರೋದ್ರಾಗ ಸಿವಿಲ್ ಅಂತಷ್ಟೇ ಐತಿ. ತತ್ಸಮಾನ ಅಂತ ಪತ್ರ ತಗೊಂಡ್ ಬಾ” ಎಂದರು. ಸರ್ವೇ, ದ್ರವಚಲನಶಾಸ್ತ್ರ, ಕಾಂಕ್ರೀಟ್ ವಿನ್ಯಾಸ ನಾನೂ ಓದಿದ್ದೇನೆಂದು ಅಂಕಪಟ್ಟಿಯಲ್ಲೇ ತೋರಿಸಿದೆ. ಅವರು ಅಲ್ಲಗಳೆಯಲಿಲ್ಲ; ತೀರ್ಮಾನಿಸುವ ಅಧಿಕಾರ ತಮಗಿಲ್ಲ ಎಂದಷ್ಟೇ ಹೇಳಿದರು.

ಪತ್ರಕ್ಕಾಗಿ ವಿಶ್ವವಿದ್ಯಾಲಯದ ಕಚೇರಿಗೆ ಹೋದರೆ, ಹುದ್ದೆಗೆ ಯಾವ ಪದವಿ ಸಮಾನವೆಂದು ಹೇಳಬೇಕಾದವರು ನೇಮಕ ಮಾಡಿಕೊಳ್ಳುವವರೇ ಎಂಬ ಉತ್ತರ ಬಂತು. ನೇಮಕ ಮಾಡಿಕೊಳ್ಳುವವರನ್ನು ಕೇಳಿದರೆ ವಿಶ್ವವಿದ್ಯಾಲಯವೇ ಬರೆದುಕೊಡಬೇಕೆಂದರು. ಹೀಗೆ ಐದು ವಾರ ಓಡಾಡಿದೆ. ಕೊನೆಗೆ ಪಠ್ಯಕ್ರಮದ ಪ್ರತಿ ಮತ್ತು ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಹೋದಾಗ ಅಂತಿಮ ಪಟ್ಟಿ ಹೊರಬಿದ್ದಿತ್ತು. ಪರಿಸರ ಎಂಜಿನಿಯರಿಂಗ್ ಎಂದೇ ಹೆಸರಿಸಿ ಕರೆಯುವ ಹುದ್ದೆಗಳೂ ಇವೆಯೆಂಬುದು ನಿಜ. ಆದರೆ ಸಿವಿಲ್ ಎಂದು ಕರೆಯುವ ಹುದ್ದೆಗಳಿಗೆ ಹೋಲಿಸಿದರೆ ಅವು ಬಹಳ ಕಡಿಮೆ. ತಮ್ಮ ಇಂದು ಇರುವುದು ಸಿವಿಲ್ ಎಂದು ಕರೆದ ಹುದ್ದೆಯಲ್ಲೇ. ಅವನ ದಾಖಲೆ ಪರಿಶೀಲನೆ ಅರ್ಧ ಗಂಟೆಯಲ್ಲಿ ಮುಗಿಯಿತು.

ಖರ್ಚಿನಲ್ಲೂ ತಮ್ಮನದೇ ಮೇಲುಗೈ. ಊರಿನ ಎಂಜಿನಿಯರಿಂಗ್ ಕಾಲೇಜುಗಳಾದ ಯು.ಬಿ.ಡಿ.ಟಿ., ಬಿ.ಐ.ಇ.ಟಿ. ಎರಡರಲ್ಲೂ ಸಿವಿಲ್ ಇರುವುದರಿಂದ ದಾವಣಗೆರೆಯವರು ಮನೆಯಲ್ಲಿ ಉಂಡು ಕಾಲೇಜಿಗೆ ಹೋಗಿಬರಬಹುದು. ನನಗೆ ನಾಲ್ಕು ವರ್ಷವೂ ಹಾಸ್ಟೆಲ್ಲಿನ ಖರ್ಚು ಬಿತ್ತು. ಅವನು ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದದ್ದರಿಂದ ಎಂ.ಟೆಕ್. ಓದುವಾಗ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತಿತ್ತು. ನಾನು ಪದವಿ ಮುಗಿಸಿದಾಗ ಗೇಟ್‌ನಲ್ಲಿ ನಮ್ಮ ವಿಷಯಕ್ಕೆ ಬೇರೆ ಪತ್ರಿಕೆಯೇ ಇರಲಿಲ್ಲ. ಅದು ಬಂದದ್ದು 2021ರಲ್ಲಿ.

ಪ್ರಯೋಗಾಲಯದ ವಿಷಯದಲ್ಲಿ ಮಾತ್ರ ನನ್ನ ನಾಲ್ಕು ವರ್ಷಗಳ ಓದಿಗೆ ಸಾಟಿಯಿಲ್ಲ. ಸಿವಿಲ್ ಪಠ್ಯಕ್ರಮದಲ್ಲಿ ನೀರು, ಕೊಳಚೆ ನೀರು ಎಂದು ಎರಡು ಮೂರು ವಿಷಯಗಳಿರುತ್ತವೆ, ಸೂಕ್ಷ್ಮಜೀವಿಗಳ ಪಾಠ ಹೆಸರಿಗಷ್ಟೇ. ಎಂ.ಟೆಕ್. ಸೇರಿದ ಮೊದಲ ತಿಂಗಳು ತಮ್ಮ ರಾತ್ರಿ ಫೋನ್ ಮಾಡಿ, “ಅಕ್ಕಾ, ಬಿ.ಒ.ಡಿ. ಇಟ್ಟಿದ್ದೆ, ಎಲ್ಲಾ ಬಾಟ್ಲಿಯೊಳಗೂ ಆಮ್ಲಜನಕ ಸೊನ್ನೆ ಬರ್ತೈತಿ” ಎಂದ. ಬಿ.ಒ.ಡಿ. ಎಂದರೆ ನೀರಿನಲ್ಲಿರುವ ಕೊಳಕನ್ನು ತಿನ್ನಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆಂದು ಅಳೆಯುವ ಪರೀಕ್ಷೆ. 27 ಡಿಗ್ರಿಯಲ್ಲಿ ಮೂರು ದಿನ ಇಟ್ಟದ್ದು ಸರಿಯಾಗಿಯೇ ಇತ್ತು. ಆದರೆ 300 ಮಿ.ಲೀ. ಬಾಟಲಿಗೆ 50 ಮಿ.ಲೀ. ಕೊಳಚೆ ನೀರು ಹಾಕಿದ್ದ. ಅಷ್ಟು ಗಟ್ಟಿ ಮಾದರಿಯಲ್ಲಿ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನೆಲ್ಲ ಮೊದಲೇ ಬಳಸಿ ಮುಗಿಸುತ್ತವೆ. ಆಮ್ಲಜನಕ ಲೀಟರಿಗೆ ಕನಿಷ್ಠ 2 ಮಿ.ಗ್ರಾಂ. ಇಳಿಯಬೇಕು, ಕನಿಷ್ಠ 1 ಮಿ.ಗ್ರಾಂ. ಉಳಿಯಬೇಕು, ಇಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಮೂರರಿಂದ ಆರು ಮಿ.ಲೀ. ಹಾಕಿ ನೋಡು ಎಂದೆ, ಮುಂದಿನ ಸಲ ಸರಿಬಂತು. ನಾನು ಇದನ್ನು ಕೈಯಾರೆ ಹತ್ತಾರು ಸಲ ಮಾಡಿ ಕಲಿತಿದ್ದೆ. ಆ ಪಳಗಿದ ಕೈ ಎರಡು ವರ್ಷದ ಓದಿನಲ್ಲಿ ಬರುವುದು ಕಷ್ಟ.

ಕೆಲಸಗಳೂ ಇದಕ್ಕೆ ತಕ್ಕಂತೆ ಬೇರೆಯಾದವು. ನಾನು ಖಾಸಗಿ ಸಲಹಾ ಸಂಸ್ಥೆಯೊಂದರಲ್ಲಿದ್ದು, ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಂತೆ ಗಣಿಗಳಿಗೆ ಪರಿಸರ ಪರಿಣಾಮ ವರದಿ ಸಿದ್ಧಪಡಿಸುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಹೊಳಲ್ಕೆರೆ ಕಡೆಯ ಊರುಗಳಲ್ಲಿ ಮಾಳಿಗೆಯ ಮೇಲೆ ಯಂತ್ರವಿಟ್ಟು 24 ಗಂಟೆ ಧೂಳು ಹಿಡಿದು, ಶೋಧಕ ಕಾಗದವನ್ನು ತೂಗುವಾಗ ಅದರ ಕೆಂಪು ಬಣ್ಣ ನೋಡಿಯೇ ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಮಿತಿ ದಾಟಿದೆಯೆಂದು ಎಷ್ಟೋ ಸಲ ಅಂದಾಜಾಗುತ್ತದೆ. ಸಾರ್ವಜನಿಕ ಅಹವಾಲು ಸಭೆಯಲ್ಲಿ ರೈತರು ಬೆಳೆಯ ಮೇಲೆ ಕೂತ ಧೂಳಿನ ಬಗ್ಗೆ ಕೇಳಿದಾಗ ಉತ್ತರಿಸಲು ಈ ಓದು ನೆರವಾಗುತ್ತದೆ. ನನಗೆ ಈ ಕೆಲಸದ ಮೇಲೆ ಪ್ರೀತಿಯಿದೆ, ಆದರೆ ಯೋಜನೆಗಳು ಬಂದರೆ ಮಾತ್ರ ಕೆಲಸ.

ತಮ್ಮ ಚಿತ್ರದುರ್ಗ ಜಿಲ್ಲೆಯ ಗ್ರಾಮೀಣ ನೀರು ಪೂರೈಕೆಯಲ್ಲಿದ್ದಾನೆ. ಅಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮಿತಿಯನ್ನು ಮೀರುತ್ತದೆ. ಶುದ್ಧ ನೀರಿನ ಘಟಕ ಹಾಕಿದರೆ ಮುಗಿಯಿತೆಂದು ಊರವರು ತಿಳಿದಿರುತ್ತಾರೆ. ಘಟಕ ಹೊರಚೆಲ್ಲುವ ನೀರಿನಲ್ಲಿ ಅದೇ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗಿರುತ್ತದೆಂದು ತಿಳಿಹೇಳುವುದು ಇವನ ನಿತ್ಯದ ಕೆಲಸ. ಸಿವಿಲ್ ಪದವಿ ಅವನನ್ನು ಆ ಕುರ್ಚಿಯಲ್ಲಿ ಕೂರಿಸಿತು, ಎಂ.ಟೆಕ್. ಓದು ಅಲ್ಲಿ ಕೆಲಸಕ್ಕೆ ಬರುತ್ತಿದೆ.

ಹೊರದೇಶದಲ್ಲಿ ಮುಂದೆ ಓದಬೇಕೆನ್ನುವವರಿಗೆ, ಬೆಂಗಳೂರಿನ ಸಲಹಾ ಸಂಸ್ಥೆಗಳಲ್ಲೇ ದುಡಿಯುವುದೆಂದು ನಿಶ್ಚಯಿಸಿದವರಿಗೆ ನೇರ ಪದವಿಯೇ ವಾಸಿ, ಎರಡು ವರ್ಷವೂ ಉಳಿಯುತ್ತದೆ. ಈ ವರ್ಷ ಸೋದರಮಾವನ ಮಗಳು ಸಿಇಟಿ ಆಯ್ಕೆಗಳನ್ನು ತುಂಬಲು ನಮ್ಮ ಮನೆಗೇ ಬಂದಿದ್ದಳು. ಅವಳಿಗೆ ಊರು ಬಿಡಲು ಮನಸ್ಸಿಲ್ಲ, ಮಾವನಿಗೂ ಹಾಸ್ಟೆಲ್ ಖರ್ಚು ಹೊರೆ. ಮೊದಲೆರಡು ಆಯ್ಕೆಗಳು ದಾವಣಗೆರೆಯ ಸಿವಿಲ್, ಮೂರನೆಯದು ಮೈಸೂರಿನ ಪರಿಸರ ಎಂದು ನಾನೇ ಕೂತು ತುಂಬಿಸಿದೆ. ಸಿವಿಲ್ ಸಿಕ್ಕರೆ ಮೂರನೇ ವರ್ಷದ ರಜೆಯಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬಂದು ಬಿ.ಒ.ಡಿ. ಬಾಟಲಿ ಹಿಡಿಯಲು ಕಲಿಯಬೇಕೆಂದು ಆಗಲೇ ಮಾತು ತೆಗೆದುಕೊಂಡಿದ್ದೇನೆ.