ನಗೆ ಕೂಟವೋ, ಕಾಮಿಡಿ ವಿಡಿಯೋವೋ?

ದಿನದ ಟೆನ್ಷನ್ ಇಳಿಸಲು ಸ್ವಲ್ಪ ನಗಬೇಕು ಅಂದುಕೊಂಡಿದ್ದೀರಾ? ಹಾಗಾದರೆ ಮೊಬೈಲಿನಲ್ಲಿ ಕಾಮಿಡಿ ನೋಡೋದಾ, ನಗೆ ಕೂಟಕ್ಕೆ ಸೇರೋದಾ?

ವಿಡಿಯೋ ಸುಲಭ. ಯಾವಾಗ ಬೇಕಾದರೂ ಸಿಗುತ್ತದೆ, ಸಂಕೋಚವೂ ಇಲ್ಲ. ಆದರೆ ಒಬ್ಬರೇ ನೋಡುವಾಗ ಜಾಸ್ತಿ ಬರೋದು ಮುಗುಳ್ನಗೆ ಅಷ್ಟೇ. ಹೊಟ್ಟೆ ಹುಣ್ಣಾಗುವಂತೆ ನಗೋದು ಜೊತೆಗೆ ಯಾರಾದರೂ ಇದ್ದಾಗಲೇ, ಅಲ್ವಾ?

ನಗೆ ಕೂಟದಲ್ಲಿ ಜೋಕೇ ಬೇಕಿಲ್ಲ. ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬೈನಲ್ಲಿ ಶುರು ಮಾಡಿದ ಪದ್ಧತಿ ಇದು. ಚಪ್ಪಾಳೆ ತಟ್ಟುತ್ತಾ ‘ಹೊ ಹೊ, ಹ ಹ ಹ’ ಅನ್ನಬೇಕು, ಎದುರಿನವರ ಕಣ್ಣು ನೋಡಬೇಕು. ಮೊದಲು ಬರೀ ನಾಟಕ ಅನ್ನಿಸುತ್ತದೆ. ಅಷ್ಟರಲ್ಲಿ ಯಾರಿಗೋ ನಿಜವಾದ ನಗು ಉಕ್ಕುತ್ತದೆ, ಅದು ಎಲ್ಲರಿಗೂ ಅಂಟುತ್ತದೆ. ಉಸಿರು ಪೂರ್ತಿ ಹೊರಗೆ ಹೋಗಿ ಬಿಗಿದ ಭುಜ ಸಡಿಲವಾಗುತ್ತದೆ.

ನನ್ನ ಆಯ್ಕೆ ಕೂಟವೇ. ಒಂಟಿತನ ಕಾಡುವವರಿಗಂತೂ ಖಂಡಿತ ಅದೇ. ತುಂಬಾ ನಾಚಿಕೆಯಾದರೆ ಗೆಳೆಯರ ಜೊತೆ ಕೂತು ವಿಡಿಯೋ ನೋಡಿ, ಅದೂ ಒಳ್ಳೆಯದೇ. ಹರ್ನಿಯಾ ಇದ್ದವರು, ಇತ್ತೀಚೆಗೆ ಆಪರೇಷನ್ ಆದವರು ಮಾತ್ರ ಕೂಟಕ್ಕೆ ಹೋಗುವ ಮೊದಲು ಡಾಕ್ಟರನ್ನು ಕೇಳಿ.