ಎಂಜಿಬಿ ಜೊತೆ ಎಂಟು ವರ್ಷ: ಎಂಜಿನ್ ಕೇಳಿದೆ, ಸಿಲ್ ನೋಡಲಿಲ್ಲ

ಕಾರು ನೋಡಲು ಹೋದ ದಿನ ಒಂದೂವರೆ ಗಂಟೆ ಎಂಜಿನ್ ಮುಂದೆ ನಿಂತಿದ್ದೆ. ಎರಡು ನಿಮಿಷ ನೆಲಕ್ಕೆ ಮಲಗಿ ಕೆಳಗೆ ಇಣುಕಲಿಲ್ಲ. ತಿಳಿ ಬಣ್ಣದ ಹೊಸ ಪ್ಯಾಂಟ್ ಹಾಕಿಕೊಂಡು ಹೋಗಿದ್ದೆ, ಕೊಳೆಯಾಗುತ್ತದೆ ಅಂತ. ಆಮೇಲೆ ಲೆಕ್ಕ ಹಾಕಿದೆ. ಆ ಪ್ಯಾಂಟ್ ಉಳಿಸಿಕೊಂಡದ್ದಕ್ಕೆ ಕಾರಿನ ಬೆಲೆಯ ಮುಕ್ಕಾಲು ಪಾಲು ಖರ್ಚಾಗಿದೆ.

ನನ್ನದು 1971ರ ಎಂಜಿಬಿ ರೋಡ್‌ಸ್ಟರ್, ಅಂದರೆ ಗಟ್ಟಿ ಛಾವಣಿ ಇಲ್ಲದ ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎಂಟು ವರ್ಷದಿಂದ ನನ್ನ ಬಳಿ ಇದೆ. ವಾರಕ್ಕೆ ಒಂದೆರಡು ಸಲ ಓಡಿಸುತ್ತೇನೆ, ಜೋರು ಮಳೆ ಬಂದರೆ ಹೊರಗೆ ತೆಗೆಯುವುದಿಲ್ಲ. ಎಷ್ಟು ಅಶ್ವಶಕ್ತಿ, ಎಷ್ಟು ವೇಗ ಅನ್ನುವುದನ್ನೆಲ್ಲ ನೀವು ಈಗಾಗಲೇ ಓದಿರುತ್ತೀರಿ, ಬಿಡಿ. ಒಂದು ಮಾತು ಮಾತ್ರ ಹೇಳಬೇಕು. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಇಂಥವು ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ಹಾಗಾಗಿ ಬಿಡಿಭಾಗಕ್ಕೆ ಇವತ್ತಿಗೂ ಪರದಾಟವಿಲ್ಲ. ಹಳೆಯ ಅಚ್ಚುಗಳನ್ನೇ ಬಳಸಿ 1988ರಿಂದ ಪೂರ್ತಿ ಹೊಸ ಬಾಡಿಯನ್ನೂ ಮಾಡಿ ಮಾರುತ್ತಿದ್ದಾರೆ. ಈ ಮಾತು ಕೇಳಿಯೇ ನಾನು ಧೈರ್ಯ ಮಾಡಿದ್ದು. ಭಾಗ ಸಿಗುವುದು ಬೇರೆ, ಅದನ್ನು ಕೂರಿಸುವುದು ಬೇರೆ ಅಂತ ಆಗ ಗೊತ್ತಿರಲಿಲ್ಲ.

ಎರಡನೇ ವರ್ಷ ಒಂದು ದಿನ ಎಡಗಡೆಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ಬಾಗಿಲ ಕೆಳಗಿನ ಜಾಗಕ್ಕೆ ಜಾಕ್ ಕೊಟ್ಟು ತಿರುಗಿಸಿದೆ. ಕರಕರ ಅಂತ ಸದ್ದು. ಚಕ್ರ ಮೇಲೆ ಬರಲಿಲ್ಲ, ಜಾಕ್ ಒಳಕ್ಕೆ ಹೋಯಿತು! ಕಂದು ಬಣ್ಣದ ಪುಡಿ ಉದುರಿ ಕಾಲ ಬಳಿ ಗುಡ್ಡೆಯಾಯಿತು. ಮೊಬೈಲ್ ತೆಗೆದುಕೊಳ್ಳೋಣ ಅಂತ ಬಾಗಿಲಿಗೆ ಕೈ ಹಾಕಿದರೆ ಅದೂ ಬಿಗಿದುಕೊಂಡಿತ್ತು.

ಬಾಗಿಲ ಕೆಳಗೆ ಉದ್ದಕ್ಕೆ ಹೋಗುತ್ತದಲ್ಲ ಒಂದು ಪಟ್ಟಿ, ಅದೇ ಸಿಲ್. ಮಾಮೂಲಿ ಕಾರಿನಲ್ಲಿ ಮೇಲಿನ ಛಾವಣಿಯೂ ಸ್ವಲ್ಪ ಭಾರ ಹೊರುತ್ತದೆ. ಛಾವಣಿಯೇ ಇಲ್ಲದ ಈ ಕಾರಿನಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಕೆಲಸ ಬಹುಪಾಲು ಇದರದ್ದೇ. ಬೇರೆ ಚಾಸಿ ಅಂತ ಏನೂ ಇಲ್ಲ. ಹೊರಗಿನ ತಗಡು, ನಡುವೆ ಇನ್ನೊಂದು ತಗಡು, ಒಳಗಿನದು, ಅಡಿಯಲ್ಲಿ ಕೋಟೆಯ ತೆನೆಯ ಹಾಗೆ ಹಲ್ಲುಹಲ್ಲಾದ ಒಂದು ಪಟ್ಟಿ. ಎಲ್ಲ ಸೇರಿ ಒಂದು ಪೆಟ್ಟಿಗೆ. ನೀರು ಒಳಗೆ ನಿಂತರೆ ಈ ಪೆಟ್ಟಿಗೆಯನ್ನು ತುಕ್ಕು ಒಳಗಿನಿಂದಲೇ ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಥಳಥಳ.

ವೆಲ್ಡಿಂಗ್ ಮಾಡುವವರು ನೋಡಿ ನಕ್ಕುಬಿಟ್ಟರು. "ಸಾರ್, ಇದು ಸಿಲ್ ಅಲ್ಲ, ಸಿಲ್‌ಗೆ ಹೊದಿಸಿದ ಕಂಬಳಿ" ಅಂದರು. ನನಗಿಂತ ಮುಂಚೆ ಯಾರೋ ಕೊಳೆತ ಸಿಲ್ ತೆಗೆಯದೆ, ಅದರ ಮೇಲೆ ಹೊಸ ತಗಡು ಮುಚ್ಚಿ, ಅಂಚಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆದಿದ್ದರು. ನೀರು ಹೊರಹೋಗುವ ಸಂದುಗಳೂ ಅದರಲ್ಲೇ ಮುಚ್ಚಿಹೋಗಿದ್ದವು. ಕೆಲಸ ಮಾಡಿದ್ದು ಯಾರು, ಮಾರಿದವರಿಗೆ ಗೊತ್ತಿತ್ತಾ, ಈಗ ಕೇಳಿ ಏನು ಪ್ರಯೋಜನ? ಆದರೂ ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಎರಡೂ ಕಡೆ ಕತ್ತರಿಸಿ ಹೊಸದು ಕೂರಿಸಲು ಐದು ತಿಂಗಳು ಹಿಡಿಯಿತು. ಸಿಲ್ ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣ ಕೊಟ್ಟು ಬಿಗಿಯಬೇಕು. ಇಲ್ಲದಿದ್ದರೆ ಕಾರು ನಡುವೆ ಕುಸಿದು, ಆಮೇಲೆ ಬಾಗಿಲು ಯಾವತ್ತೂ ಸರಿ ಕೂರುವುದಿಲ್ಲ.

ಹಾಗಾಗಿ ನೀವು ಇಂಥ ಕಾರು ನೋಡಲು ಹೋಗುವಾಗ ಹಳೇ ಬಟ್ಟೆ ಹಾಕಿಕೊಳ್ಳಿ. ಒಂದು ಟಾರ್ಚ್, ಒಂದು ಸಣ್ಣ ಆಯಸ್ಕಾಂತ ಜೇಬಿನಲ್ಲಿರಲಿ. ಬಾನೆಟ್ ತೆಗೆಯಲೇಬೇಡಿ, ಮೊದಲು ಬಾಗಿಲು ನೋಡಿ. ಬಾಗಿಲ ಹಿಂಬದಿಯ ಅಂಚಿಗೂ ಬಾಡಿಗೂ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡು ಬಗ್ಗಿದೆ ಅಂತ ಅರ್ಥ. ಆಮೇಲೆ ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಆಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ. ಮಲಗಿ ಅಡಿ ನೋಡಿ, ಆ ಹಲ್ಲುಹಲ್ಲಿನ ಪಟ್ಟಿ ಕಾಣಬೇಕು. ಅಲ್ಲಿ ನುಣ್ಣಗೆ ದಪ್ಪ ಕಪ್ಪು ಬಳಿದಿದ್ದರೆ ಅನುಮಾನಪಡಿ. ಕೊನೆಗೆ, ಮಾಲೀಕರ ಒಪ್ಪಿಗೆ ಕೇಳಿ, ಜಾಕ್ ಕೊಡುವ ಜಾಗದಲ್ಲೇ ಏರಿಸಿ. ಸದ್ದು ಬರಬಾರದು, ಬಾಗಿಲ ಸಂದು ಬದಲಾಗಬಾರದು, ಬಾಗಿಲು ಮೊದಲಿನಂತೆಯೇ ತೆರೆಯಬೇಕು. "ಏರಿಸೋದು ಯಾಕೆ, ಕಾರು ಚೆನ್ನಾಗೇ ಇದೆ" ಅಂದರೆ ನಮಸ್ಕಾರ ಹೇಳಿ ಬನ್ನಿ. ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗಳ ಗೂಡುಗಳಿವೆ, ಅಲ್ಲೂ ಒಮ್ಮೆ ಟಾರ್ಚ್ ಬಿಡಿ. 1974ರ ನಂತರದವಕ್ಕೆ ಒಂದೇ 12 ವೋಲ್ಟಿನದು.

ಇದು ಈ ಒಂದು ಕಾರಿನ ಕಥೆ ಅಂದುಕೊಳ್ಳಬೇಡಿ. 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಮೇಲೆ ಕಣ್ಣಿದ್ದರೂ ಹಿಂದಿನ ಚಕ್ರದ ಮುಂದಿರುವ ಸಿಲ್ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ. ಮಡಚುವ ಟಾಪ್‌ನ ನೀರು ಇಳಿಯುವ ಕೊಳವೆಗೆ ಕಸ ಕಟ್ಟಿದರೆ ಆ ನೀರು ಸೇರುವುದು ಅಲ್ಲಿಗೇ.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ, ಅದು ಗಟ್ಟಿ ಜೀವ. ಬರುವ ಮೊದಲೇ ಚಾಲೂ ಮಾಡಿ ಇಡಬೇಡಿ ಅಂತ ಫೋನಿನಲ್ಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿ ಎಂಜಿನ್ ಚಾಲೂ ಆಗುವಾಗಿನ ತೊಂದರೆ ಮುಚ್ಚಿಡುತ್ತದೆ. ನಾನು ಹೋದಾಗ ಬೆಚ್ಚಗಿತ್ತು, ನಾನು ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡೆ! ಪೂರ್ತಿ ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಷರ್ 50ರಿಂದ 80 ಪಿಎಸ್‌ಐ ಇರಬೇಕು. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಮೆತ್ತಿಕೊಂಡಿದ್ದರೆ ನೀರು ಸೇರುತ್ತಿರಬಹುದು, ಇಲ್ಲವೇ ಕಾರು ಹತ್ತಿರದ ಓಡಾಟಕ್ಕೆ ಮಾತ್ರ ಬಳಕೆಯಾಗಿರಬಹುದು. ಎರಡರಲ್ಲಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ ಸವೆದಿದೆ. ಈಗಿನ ಪೆಟ್ರೋಲಿನಲ್ಲಿ ಸೀಸ ಇಲ್ಲ, ಎಥೆನಾಲ್ ಇರುತ್ತದೆ. ಸೀಸ ಇಲ್ಲದಿದ್ದರೆ ಹಳೇ ವಾಲ್ವ್ ಸೀಟ್ ಬೇಗ ಸವೆಯುತ್ತದೆ. ಅದಕ್ಕೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ, ಪೆಟ್ರೋಲ್ ಪೈಪ್ ಬದಲಾಯಿಸಿದ್ದಾರಾ ಕೇಳಿ. ಹಳೇ ರಬ್ಬರ್ ಪೈಪನ್ನು ಎಥೆನಾಲ್ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಜಿನುಗುವುದು ತಮಾಷೆ ಅಲ್ಲ.

ಮುಂದಿನ ಚಕ್ರ ಎತ್ತಿದಾಗ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡುತ್ತಿದ್ದರೆ ಜೊತೆಯವರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು. ಬೇರಿಂಗ್ ಆದರೆ ಅಗ್ಗ. ಕಿಂಗ್‌ಪಿನ್ ಸವೆದಿದ್ದರೆ ವರ್ಷಗಟ್ಟಲೆ ಯಾರೂ ಗ್ರೀಸ್ ಹೊಡೆದಿಲ್ಲ ಅಂತ ಅರ್ಥ. ಒಂದಕ್ಕೆ ಗ್ರೀಸ್ ಹೊಡೆಯದವರು ಉಳಿದದ್ದನ್ನೂ ಹಾಗೇ ನೋಡಿಕೊಂಡಿರುತ್ತಾರೆ, ಅಲ್ವಾ? ಕಡ್ಡಿ ಚಕ್ರ ಇದ್ದರೆ ಬ್ರೇಕ್ ಒತ್ತಿಸಿ ಚಕ್ರ ತಿರುಗಿಸಿ ನೋಡಿ, ಹಬ್ ಮೇಲೆ ಅಲುಗಬಾರದು. ಚಾಸಿ ನಂಬರಿನ ಅಕ್ಷರಗಳನ್ನೂ ಓದಿಕೊಳ್ಳಿ. ನನ್ನದು ಜಿಎಚ್‌ಎನ್5 ಅಂತ ಶುರುವಾಗುತ್ತದೆ, ಆ 'ಎನ್' ಅಂದರೆ ರೋಡ್‌ಸ್ಟರ್. 'ಡಿ' ಇದ್ದರೆ ಅದು ಹುಟ್ಟಿದ್ದು ಛಾವಣಿ ಇರುವ ಜಿಟಿಯಾಗಿ. ಕಾಗದಪತ್ರದಲ್ಲಿ ಒಂದು, ಕಾರಿನ ಮೇಲೆ ಇನ್ನೊಂದು ಇದ್ದರೆ ಮಾತು ಮುಂದುವರಿಸಬೇಡಿ.

ಇಷ್ಟೆಲ್ಲ ಬೈದ ಮೇಲೂ ಯಾಕೆ ಮಾರಲಿಲ್ಲ ಅಂತ ಮನೆಯವರು ಕೇಳುತ್ತಲೇ ಇರುತ್ತಾರೆ. ಉತ್ತರ ಹೇಳಲು ಸ್ವಲ್ಪ ನಾಚಿಕೆ. ನನಗೆ ಭಾನುವಾರ ಬೆಳಗಿನ ಆ ಹದಿನೈದು ನಿಮಿಷ ಬೇಕು. ಎಂಜಿನ್‌ಗೆ ಎಸ್‌ಯು ಹೆಸರಿನ ಕಂಪನಿಯ ಎರಡು ಕಾರ್ಬುರೇಟರ್‌ಗಳಿವೆ. ಒಂದೊಂದರ ತಲೆಯ ಮೇಲೂ ಒಂದು ಸಣ್ಣ ಮುಚ್ಚಳ. ತಿರುಗಿಸಿ ಎತ್ತಿದರೆ ತೆಳ್ಳನೆಯ ಕಡ್ಡಿಯೊಂದು ಆಯಿಲ್‌ನಲ್ಲಿ ಅದ್ದಿಕೊಂಡು ಮೇಲೆ ಬರುತ್ತದೆ. ಅದನ್ನು ಮತ್ತೆ ಮೆಲ್ಲಗೆ ಇಳಿಸುತ್ತೇನೆ. ಮುಚ್ಚಳ ಕೂರಲು ಒಂದು ಬೆರಳಷ್ಟು ಅಗಲ ಬಾಕಿ ಇರುವಾಗಲೇ ಕೈಗೆ ಸಣ್ಣ ತಡೆ ಸಿಗಬೇಕು. ಸಿಕ್ಕರೆ ಆಯಿಲ್ ಸಾಕಷ್ಟಿದೆ. ಇಲ್ಲದಿದ್ದರೆ 20 ಗ್ರೇಡಿನದು ನಾಲ್ಕು ಹನಿ. ಮೊದಮೊದಲು ಇದು ಕಿರಿಕಿರಿ ಅನ್ನಿಸುತ್ತಿತ್ತು. ಈಗ ತಡೆ ಸಿಕ್ಕರೆ ನಿರಾಸೆಯೇ ಆಗುತ್ತದೆ, ಹಾಕಲು ಏನೂ ಇಲ್ಲವಲ್ಲ ಅಂತ. ಆಮೇಲೆ ಚೋಕ್ ಎಳೆದು ಚಾಲೂ ಮಾಡಿ, ಸದ್ದು ಒರಟಾಗುತ್ತಾ ಬಂದ ಹಾಗೆ ಚೋಕ್ ಒಳಗೆ ತಳ್ಳುತ್ತಾ ಸುಮ್ನೆ ನಿಂತಿರುತ್ತೇನೆ.

ಓವರ್‌ಡ್ರೈವ್ ಇನ್ನೊಂದು, ಅಂದರೆ ಸ್ವಿಚ್ ಒತ್ತಿದರೆ ಬೀಳುವ ಹೆಚ್ಚುವರಿ ಗೇರು. ಇದು ಎಲ್ಲ ಕಾರಿಗೂ ಇರುವುದಿಲ್ಲ, ಇದ್ದರೆ ನೂರು ಕಿಲೋಮೀಟರ್ ವೇಗದಲ್ಲಿ ಸ್ವಿಚ್ ಒತ್ತಿ ನೋಡದೆ ಬರಬೇಡಿ. ನಾಲ್ಕನೇ ಗೇರಿನಲ್ಲಿ 3,500 ಆರ್‌ಪಿಎಂ ಹತ್ತಿರ ಅರಚುತ್ತಿರುವ ಎಂಜಿನ್ 2,850ರ ಆಸುಪಾಸಿಗೆ ಇಳಿಯುತ್ತದೆ. ಕ್ಲಚ್ ಬೇಡ, ಏನೂ ಬೇಡ. ಜಗಳವಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಒಪ್ಪಿಕೊಂಡ ಹಾಗೆ.

ನಿಮ್ಮ ಹತ್ತಿರ ಕಾರಿನ ಬೆಲೆ ಮಾತ್ರ ಇದ್ದು ಅದರ ಮೇಲೆ ಇನ್ನರ್ಧ ಇಲ್ಲದಿದ್ದರೆ ಸದ್ಯಕ್ಕೆ ಬೇಡ. ಎಂಜಿನ್ ಮಂಕಾಗಿದ್ದು ಸಿಲ್ ಗಟ್ಟಿ ಇರುವ ಕಾರು ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಅದಕ್ಕೆ ಉಲ್ಟಾ ಇದ್ದರೆ, ನನ್ನ ಕಥೆ ಓದಿದಿರಲ್ಲ.

ಹೋದ ತಿಂಗಳು ಮತ್ತೆ ಪಂಕ್ಚರ್ ಆಯಿತು, ಅದೇ ಎಡಗಡೆಯ ಹಿಂದಿನ ಚಕ್ರ. ಜಾಕ್ ಕೊಟ್ಟು ಏರಿಸಿದೆ. ಸದ್ದಿಲ್ಲ. ಗಾಡಿ ಹಾಗೇ ಮೇಲಿರುವಾಗ ಬಾಗಿಲು ತೆಗೆದೆ, ಹಾಕಿದೆ. ಟಕ್ ಅಂತ ಕೂತಿತು. ಇನ್ನೊಮ್ಮೆ ತೆಗೆದೆ, ಹಾಕಿದೆ. ನಾಲ್ಕನೇ ಸಲಕ್ಕೆ ಪಕ್ಕದಲ್ಲಿ ನಿಂತಿದ್ದ ಮಗಳು, "ಅಪ್ಪಾ, ಮೊದಲು ಚಕ್ರ ಬದಲಾಯಿಸು" ಅಂದಳು.