ತೋಟದ ಮನೆಗೆ ರೂಟ್ ಸೆಲ್ಲರ್ ಕಟ್ಟಿಸುವ ಮುಂಚೆ ಇದನ್ನೊಮ್ಮೆ ಓದಿ

ತೋಟದ ಮನೆ ಕಟ್ಟಿಸುವವರ ತಲೆಗೆ ಈಗ ಹೊಸದೊಂದನ್ನು ಕಟ್ಟುತ್ತಿದ್ದಾರೆ, ರೂಟ್ ಸೆಲ್ಲರ್ ಅಂತ. ಹಿತ್ತಿಲಲ್ಲಿ ಎಂಟಡಿ ಗುಂಡಿ ತೋಡಿ, ಕಾಂಕ್ರೀಟ್ ಹಾಕಿ, ಮೇಲೊಂದು ತಗಡಿನ ಮುಚ್ಚಳ. ‘ಕರೆಂಟ್ ಬೇಡ, ಫ್ರಿಜ್ ಬೇಡ, ತರಕಾರಿ ಆರು ತಿಂಗಳು ಕೆಡಲ್ಲ ಮೇಡಂ’ ಅಂತ ಹಾಸನದ ಹತ್ತಿರದ ನಮ್ಮ ಮನೆಗೂ ಒಬ್ಬ ಕಂಟ್ರಾಕ್ಟರ್ ಕಟ್ಟಿಕೊಟ್ಟ. ತೋರಿಸಿದ ವಿಡಿಯೊಗಳೆಲ್ಲ ಹಿಮ ಬೀಳುವ ಊರಿನವು.

ಆಗಸ್ಟ್ ಕೊನೆಗೆ ಕಿತ್ತ ಕುಫ್ರಿ ಜ್ಯೋತಿ ತಳಿಯ ಆಲೂಗಡ್ಡೆ, ಕ್ಯಾರೆಟ್, ಒಂದಿಷ್ಟು ಈರುಳ್ಳಿ ಒಳಗೆ ಹೋಯಿತು. ದಸರಾ ಹೊತ್ತಿಗೇ ಕ್ಯಾರೆಟ್ ಮೇಲೆ ಬಿಳಿ ಬೂಷ್ಟು. ಫೋನ್ ಮಾಡಿದರೆ, ‘ಮುಚ್ಚಳ ಪದೇಪದೇ ತೆಗೀಬೇಡಿ, ತಂಪು ಹೋಗುತ್ತೆ’ ಅಂದ. ಸರಿ, ತೆಗೆಯಲಿಲ್ಲ. ದೀಪಾವಳಿಗೆ ತೆಗೆದಾಗ ಮೂಗಿಗೆ ಬಡಿದ ವಾಸನೆಯನ್ನು ಬರೆದು ತಿಳಿಸಲಾರೆ. ಗೋಣಿಚೀಲದ ತಳದಿಂದ ಕಂದು ನೀರು ಇಳಿದು ನೆಲವೆಲ್ಲ ಅಂಟಂಟು.

ತರಕಾರಿ ಹೋದರೆ ಹೋಗಲಿ. ಚೀಲ ಎತ್ತಲು ಏಣಿ ಇಳಿಯುತ್ತಿದ್ದ ಕೆಲಸದ ಹುಡುಗ ಅರ್ಧಕ್ಕೇ ನಿಂತು, ‘ತಲೆ ಸುತ್ತುತ್ತೆ ಅಕ್ಕಾ’ ಅಂತ ಏಣಿಗೆ ಒರಗಿಬಿಟ್ಟ. ನಮ್ಮತ್ತೆ ಅರಸೀಕೆರೆ ಕಡೆಯವರು, ರಾಗಿ ತುಂಬಿಡುವ ನೆಲದೊಳಗಿನ ಗುಂಡಿ, ಅಂದರೆ ಹಗೇವು ನೋಡಿ ಬೆಳೆದವರು. ‘ಹತ್ತೋ ಮೇಲಕ್ಕೆ! ಹಗೇವು ತೆಗೆದ ತಕ್ಷಣ ಯಾರಾದರೂ ಇಳೀತಾರೇನೋ?’ ಅಂತ ಕೂಗುತ್ತಲೇ ಬಗ್ಗಿ ಅವನ ರಟ್ಟೆ ಹಿಡಿದು ಎಳೆದರು. ಅವನು ಮೇಲೆ ಬಂದು ಸುಧಾರಿಸಿಕೊಂಡ. ಇನ್ನೆರಡು ಮೆಟ್ಟಿಲು ಇಳಿದಿದ್ದರೆ ಏನಾಗುತ್ತಿತ್ತೋ.

ಗಡ್ಡೆ ಕಿತ್ತ ಮೇಲೂ ಉಸಿರಾಡುತ್ತಿರುತ್ತದೆ. ಕೊಳೆಯತೊಡಗಿದರಂತೂ ಆಮ್ಲಜನಕ ಬೇಗ ಖಾಲಿಯಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಅದು ಗಾಳಿಗಿಂತ ಭಾರ, ಗುಂಡಿಯ ತಳ ಬಿಟ್ಟು ಕದಲುವುದಿಲ್ಲ. ಗಾಳಿಯಲ್ಲಿ ಶೇಕಡ 21ರಷ್ಟು ಇರಬೇಕಾದ ಆಮ್ಲಜನಕ 10ಕ್ಕಿಂತ ಕೆಳಗಿಳಿದರೆ ಕೂಗುವಷ್ಟೂ ವ್ಯವಧಾನವಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಬಯಲುಸೀಮೆಯವರು ಹಗೇವಿನ ಬಾಯಿ ತೆಗೆದು, ಗಾಳಿಯಾಡಲು ಬಿಟ್ಟು, ಲಾಂದ್ರ ಇಳಿಬಿಟ್ಟು ನೋಡುತ್ತಿದ್ದುದು ಇದಕ್ಕೇ. ದೀಪ ಆರಿದರೆ ಇಳಿಯಲೇಬಾರದು. ಹಾಗಂತ ಉರಿಯುತ್ತಿದೆ ಎಂದು ಧೈರ್ಯ ಮಾಡುವಂತೆಯೂ ಇಲ್ಲ, ದೀಪ ಆರದಷ್ಟು ಆಮ್ಲಜನಕ ಇರುವಾಗಲೂ ಇಂಗಾಲದ ಡೈಆಕ್ಸೈಡ್ ಮನುಷ್ಯನನ್ನು ಕೆಡವಬಲ್ಲದು.

ಇನ್ನು ಆ ‘ತಂಪಿ’ನ ಕಥೆ. ನೆಲದೊಳಗೆ ಆಳಕ್ಕೆ ಹೋದಂತೆ ಆ ಊರಿನ ವರ್ಷದ ಸರಾಸರಿ ಉಷ್ಣಾಂಶವೇ ಹೆಚ್ಚುಕಡಿಮೆ ಸ್ಥಿರವಾಗಿ ನಿಲ್ಲುತ್ತದೆ. ಅಮೆರಿಕದ ವರ್ಮಾಂಟ್‌ನಂಥ ಕಡೆ ಅದು 10 ಡಿಗ್ರಿಯೊಳಗೆ. ಚಳಿಗಾಲದಲ್ಲಿ ಪೈಪಿನ ಮೂಲಕ ಹೊರಗಿನ ಗಾಳಿ ಬಿಟ್ಟುಕೊಂಡು ಇನ್ನೂ ಇಳಿಸುತ್ತಾರೆ. ಹಾಸನದಲ್ಲಿ ಅದು 23-24ರ ಆಸುಪಾಸು, ಕರಾವಳಿಯಲ್ಲಿ 27ರ ಹತ್ತಿರ. ಆಲೂಗಡ್ಡೆ ತಿಂಗಳುಗಟ್ಟಲೆ ನಿಲ್ಲಬೇಕಾದರೆ 10 ಡಿಗ್ರಿಗಿಂತ ಕೆಳಗಿರಬೇಕು, ಕ್ಯಾರೆಟ್‌ಗೆ ಸೊನ್ನೆಯ ಹತ್ತಿರ. ನಮ್ಮ ನೆಲ ಎಷ್ಟು ಅಗೆದರೂ ಅಷ್ಟು ತಣ್ಣಗಾಗುವುದಿಲ್ಲ. ಈರುಳ್ಳಿಗಂತೂ ಗುಂಡಿಯೊಳಗಿನ ತೇವವೇ ಶತ್ರು. ಅದಕ್ಕೆ ಬೇಕಿರುವುದು ಒಣ ಗಾಳಿ. ಕರೆಂಟೇ ಬೇಡ ಅಂದಿದ್ದ ಮಹಾಶಯ ಈಗ ‘ಸಣ್ಣದೊಂದು ಎಸಿ ಹಾಕಿಸಿಬಿಡಿ ಮೇಡಂ’ ಅನ್ನುತ್ತಿದ್ದಾನೆ!

ಈಗಾಗಲೇ ಕಟ್ಟಿಸಿದ್ದರೆ ಮುಚ್ಚಳಕ್ಕೆ ಬೀಗ ಹಾಕಿ, ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಗುಂಡಿಯ ತಳಕ್ಕೊಂದು, ಮೇಲ್ಭಾಗಕ್ಕೊಂದು ಗಾಳಿಕೊಳವೆ ಇಲ್ಲದಿದ್ದರೆ ಅದರೊಳಗೆ ಏನನ್ನೂ ಇಡಬೇಡಿ. ಒಳಗೆ ಏನಾದರೂ ಕೊಳೆತಿದ್ದರೆ ಯಾರನ್ನೂ ಇಳಿಸದೆ ಕೊಕ್ಕೆ ಹಾಕಿ ಮೇಲಿಂದಲೇ ಎಳೆಸಿ. ಆಲೂಗಡ್ಡೆಯನ್ನು ನೆರಳಲ್ಲಿ ಚೆನ್ನಾಗಿ ಆರಿಸಿ, ಪೆಟ್ಟು ಬಿದ್ದದ್ದನ್ನು ಬೇರೆ ಮಾಡಿ, ಬೆಳಕು ಬೀಳದ ಕೋಣೆಯಲ್ಲಿ ಬಿದಿರಿನ ತಟ್ಟಿ ಮೇಲೆ ಹರಡಿದರೆ ಒಂದೆರಡು ತಿಂಗಳಿಗೆ ಮೋಸವಿಲ್ಲ. ಈರುಳ್ಳಿಯನ್ನು ಜಡೆ ಹೆಣೆದು ಗಾಳಿಯಾಡುವ ಜಗುಲಿಯಲ್ಲಿ ತೂಗುಹಾಕಿ. ಕ್ಯಾರೆಟ್ಟನ್ನು ಒಟ್ಟಿಗೇ ಕೀಳದೆ ಬೇಕಾದಾಗ ಬೇಕಾದಷ್ಟೇ ಕಿತ್ತುಕೊಳ್ಳಿ.